ಮತಪೆಟ್ಟಿಗೆಗೆ ಬಿದ್ದ ಬೀಗದ ಕೈ

ಜಾರೆಚಾ ಊರಿನ ಸ್ತೆಫಾನಿಯಾ ಅಜ್ಜಿ ಬದುಕಿನಲ್ಲಿ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಗೆಲ್ಲುವವರು ದೇಶದ ಅಧ್ಯಕ್ಷರ ಮಂದಿಯೇ ಎಂಬುದು ಅವಳ ಮೇಕೆ ಬೆಲ್ಕಾಗೂ ಗೊತ್ತಿತ್ತು. ಆದರೆ ಮತದಾನದ ದಿನ ಶಾಲೆಯಲ್ಲಿ ಅಕಾರ್ಡಿಯನ್ ನುಡಿಸುತ್ತಾರೆ, ಎಲೆಕೋಸು ತುಂಬಿದ ಬಿಸಿ ಬನ್ನನ್ನು ಅಗ್ಗಕ್ಕೆ ಮಾರುತ್ತಾರೆ. ಅಂಥ ದಂಡಯಾತ್ರೆಗೆ ಹಿಂಜರಿಯಲು ಅವಳೇನು ಹೇಡಿಯೇ?

ಈ ಸಲ ಅವಳ ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಮತಚೀಟಿಯ ಜೊತೆ ಕೊಟ್ಟಿಗೆಯ ಬೀಗದ ಕೈ ಇತ್ತು. ಬನ್ನನ್ನು ಭದ್ರವಾಗಿ ಹಿಡಿದುಕೊಂಡು ಉಳಿದೆರಡನ್ನೂ ಪೆಟ್ಟಿಗೆಯೊಳಗೆ ಬಿಟ್ಟಳು. ಠಣ್!

"ವಿಕೆಂತ್ಸಿ, ಮುದ್ರೆ ಒಡಿಯಪ್ಪಾ. ಬೆಲ್ಕಾನ ಹಾಲು ಕರೀಬೇಕು, ಕೆಚ್ಚಲು ಬಿಗಿದು ಸಾಯ್ತಾಳೆ."

ಮತಗಟ್ಟೆಯ ಹೊಣೆ ಹೊತ್ತಿದ್ದ ಮೇಷ್ಟ್ರು ವಿಕೆಂತ್ಸಿ ಬೆವರಿದ. "ಸಂಜೆ ಎಂಟಕ್ಕೆ ಮುಂಚೆ ಒಡೆದ್ರೆ ನನ್ನನ್ನೇ ಒಳಗೆ ಹಾಕ್ತಾರೆ ಅಜ್ಜಿ! ಕೊಟ್ಟಿಗೆ ಬೀಗಾನೇ ಒಡೆಸೋಣ."

"ನನ್ನ ಗಂಡ ಮಾಡಿದ ಬೀಗ ಅದು, ನಿಮ್ಮ ಮುದ್ರೆಗಿಂತ ಗಟ್ಟಿ. ಯಾರು ಗೆಲ್ತಾರೆ ಅಂತ ಗೊತ್ತಿರೋ ಪೆಟ್ಟಿಗೇನ ಇಷ್ಟು ಕಾಯ್ತೀರಲ್ಲೋ!"

"ಶ್! ಇನ್ನೊಂದು ಬನ್ನು ತಿನ್ನು."

ಅಜ್ಜಿ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು ಕೂತಳು. ಅದನ್ನು ಅಷ್ಟು ಕಟ್ಟುನಿಟ್ಟಾಗಿ ಕಾದವರನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಎಂಟಕ್ಕೆ ಚೀಟಿಗಳನ್ನು ಮೇಜಿನ ಮೇಲೆ ಸುರಿದಾಗ ಬೀಗದ ಕೈಯೂ ಉರುಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಅದನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು.

"ಗೆದ್ದೋರು ಯಾರು ಅಂತ ಕೇಳೋದಿಲ್ವಾ ಅಜ್ಜಿ?" ಎಂದು ವಿಕೆಂತ್ಸಿ ಕೂಗಿದ.

"ಬೆಲ್ಕಾ!" ಎಂಬ ಉತ್ತರ ಅಂಗಳದಿಂದ ಬಂತು.