ಮಸೂತಿಯ ಗಂಗವ್ವ ಅತ್ತ ದೃಶ್ಯ

ಕೊರೊನಾ ತಣ್ಣಗಾದ ಮರುವರ್ಷ. ಸಾಕ್ಷ್ಯಚಿತ್ರ ನಿರ್ದೇಶಕಿಯಾಗಿ ನಾನು ಕೈಗೆತ್ತಿಕೊಂಡ ಕೊನೆಯ ದೊಡ್ಡ ಕೆಲಸ, ಸಿನಿಮಾ ನಿರ್ದೇಶಕ ಬಸಲಿಂಗಪ್ಪನವರ ಜೀವನಚಿತ್ರ. ಅವರು ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ, ಜಗಳ ಕಾಯ್ದದ್ದು ಎಲ್ಲ ಊರಲ್ಲೂ. ತೀರಿಕೊಂಡ ಮೇಲೂ ನಮ್ಮೂರು ಇಂಡಿ ಪಟ್ಟಣದ ಚಹಾದಂಗಡಿಯಲ್ಲಿ ಅವರ ಹೆಸರೆತ್ತಿದರೆ ಅರ್ಧ ಮಂದಿ ಹೊಗಳುತ್ತಿದ್ದರು, ಉಳಿದರ್ಧ ಎದ್ದು ಹೋಗುತ್ತಿದ್ದರು. ನನ್ನ ಈ ಚಿತ್ರದ ನಿರ್ಮಾಪಕ ಅವರ ಮಗ ವಿರೂಪಾಕ್ಷ.

ಆ ಸಿಟ್ಟಿಗೆಲ್ಲ ಬೇರು ಅವರ ಒಂದು ಸಿನಿಮಾದ ಒಂದೇ ದೃಶ್ಯ. ನಮ್ಮ ಕಡೆ ಸಾವಾದಾಗ ಹೆಂಗಸರು ಹೆಣದ ಪಕ್ಕ ಕೂತು ಹಾಡಿ ಹಾಡಿ ಅಳುತ್ತಾರೆ. ಸತ್ತವರನ್ನೇ ಮಾತಾಡಿಸುತ್ತ, ಮನೆಯ ಸುಖದುಃಖವನ್ನೆಲ್ಲ ಅಲ್ಲೇ ಕಟ್ಟಿ ಹೇಳುತ್ತಾರೆ. ಹಿಂದೆ ಬಸಲಿಂಗಪ್ಪ ಮಸೂತಿ ಎಂಬ ಹಳ್ಳಿಯಲ್ಲಿ ಶೂಟಿಂಗ್ ನಡೆಸಿದ್ದಾಗ ಒಬ್ಬ ಕುರಿಗಾರ ತೀರಿಕೊಂಡ. ಆತನ ಹೆಂಡತಿ ಗಂಗವ್ವ ಅಳುವುದನ್ನು ಇವರು ಕಿಟಕಿಯಿಂದ ಚಿತ್ರೀಕರಿಸಿ, ಕೇಳದೆ ಸಿನಿಮಾಕ್ಕೆ ಸೇರಿಸಿದರು. ವಿಮರ್ಶಕರು ಅದನ್ನು ಸಹಜ ಅಭಿನಯವೆಂದು ಮೆಚ್ಚಿದರು. ಬಾಗೇವಾಡಿಯ ಥೇಟರಿನಲ್ಲಿ ಮಂದಿ ಸೀಟಿ ಹೊಡೆದು 'ಒನ್ಸ್ ಮೋರ್' ಅಂದರು. ಆ ಸುದ್ದಿ ಗಂಗವ್ವನ ಕಿವಿಗೆ ಬಿತ್ತು. ಅಂದಿನಿಂದ ಅವಳು ಯಾರ ಸಾವಿಗೂ ಹಾಡಿ ಅಳಲಿಲ್ಲ, ಹೆತ್ತ ತಾಯಿ ಸತ್ತಾಗಲೂ.

"ಆ ಸೀನ್ ಇಲ್ಲಂದ್ರ ಉಪ್ಪಿಲ್ಲದ ಪಲ್ಯಾ ಆಕ್ಕೈತ್ರಿ. ಹಕ್ಕು ನಮ್ಮ ಹಂತೇಕ ಐತಿ, ಹಾಕ್ರಿ," ಎಂದ ವಿರೂಪಾಕ್ಷ.

"ಹಕ್ಕು ನಿಮ್ಮದಿರಬಹುದು, ಅಳು ಆಕೀದು. ಆಕಿ ಬ್ಯಾಡ ಅಂದ್ರ ನಾ ಹಾಕೂದಿಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದೆ.

"ಹಂಗಾರ ಈ ಚಿತ್ರಾ ಮಾಡಾಕ ಮುದ್ದೇಬಿಹಾಳದಾಗ ಬ್ಯಾರೆಯವರು ಅದಾರ."

"ಕರಸ್ರಿ," ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಅವನು ಯಾರನ್ನಾದರೂ ಕರೆಸುವ ಮೊದಲೇ ಮಸೂತಿಗೆ ಹೊರಟೆ.

ಮೊದಲ ಸಲ ಗಂಗವ್ವ ಬಾಗಿಲು ಹಾಕಿಕೊಂಡಳು. ಎರಡನೆಯ ಸಲ ಜೋಳ ಹಸನು ಮಾಡುತ್ತ ಕೂತವಳು ತಲೆಯನ್ನೇ ಎತ್ತಲಿಲ್ಲ. ನಾನೂ ಪಟ್ಟು ಬಿಡುವ ಪೈಕಿಯಲ್ಲ, ಮತ್ತೆ ಹೋದೆ. ಆಗ ಅವಳೇ ಕೇಳಿದಳು, "ಅವತ್ತ ನಾ ಏನೇನ ಅಂದೇನಿ ಯವ್ವಾ? ಊರ ಮಂದಿಗೆಲ್ಲಾ ಗೊತ್ತೈತಿ. ನನಗ ಒಂದೂ ನೆನಪಿಲ್ಲ."

ಅವಳು ಆ ಸಿನಿಮಾ ನೋಡಿರಲೇ ಇಲ್ಲ. ಲ್ಯಾಪ್‌ಟಾಪ್ ತೆರೆದು, ಹೆಡ್‌ಫೋನನ್ನು ಅವಳ ಕಿವಿಗಿಟ್ಟೆ. ಕಂಬಳಿಯ ಸಲುವಾಗಿ ಗಂಡ ಹೆಂಡಿರು ಜಗಳವಾಡಿದ ಮಾತು ಬಂದಾಗ ಸಣ್ಣಗೆ ನಕ್ಕಳು. "ಅದನ್ನೂ ಹೇಳೀನಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, ಹೇಳಿದಳು:

"ಚಿತ್ರದಾಗ ನನ್ನ ಮಾರಿ ಇರಲಿ. ನಾಕ ಮಂದಿ ಮುಂದನ ಅತ್ತೇನಿ, ಅದನ್ನೇನ ಮುಚ್ಚೂದು. ದನಿ ತಗೀರಿ. ಆ ಮಾತು ನಾ ಆತಗ ಅಂದದ್ದು."

ಸಂಕಲನದಲ್ಲಿ ಯಾವ ದೃಶ್ಯವನ್ನೂ ಪೂರ್ತಿ ಮೂಕವಾಗಿ ಬಿಡುವುದಿಲ್ಲ, ಗಾಳಿಯ ಸದ್ದಾದರೂ ಇರಬೇಕು. ನಾನು ಅದನ್ನೂ ತೆಗೆದೆ. ಮೊದಲ ಜೋಡಣೆ ನೋಡಲು ಬಂದ ವಿರೂಪಾಕ್ಷ, "ಸೌಂಡ್ ಹೋಗೈತ್ರಿ," ಎಂದ.

"ಹೋಗಿಲ್ಲ. ಯಾರದೋ ಅವರಿಗೆ ಕೊಟ್ಟು ಬಂದೇನಿ."

ಅವನು ಅದನ್ನೇ ಇನ್ನೊಮ್ಮೆ ಹಾಕಿಸಿಕೊಂಡು ನೋಡಿದ. "ಅಪ್ಪ ಇದ್ದಿದ್ರ ನಿಮ್ಮ ಕೂಡ ಜಗಳಾ ತಗೀತಿದ್ದ," ಎಂದನೇ ಹೊರತು ಬೇರೆಯವರ ಮಾತೆತ್ತಲಿಲ್ಲ. ಚಿತ್ರ ಹಾಗೆಯೇ ಬಿಡುಗಡೆಯಾಯಿತು.

ನೋಡಲು ಬಿಟ್ಟವರು ಕೇಳಲೂ ಬಿಟ್ಟಿದ್ದಾರೆಂದು ತಿಳಿಯಬಾರದು. ಇಷ್ಟು ವರ್ಷ ಕ್ಯಾಮೆರಾ ಹೊತ್ತ ಮೇಲೆ ನನಗೆ ಇದನ್ನು ಕಲಿಸಿದವಳು ಗಂಗವ್ವ. ಮುಂದಿನ ವರ್ಷ ಅವಳ ಅಕ್ಕ ತೀರಿಕೊಂಡಳೆಂದು ತಿಳಿದು ಮಸೂತಿಗೆ ಹೋದೆ. ಓಣಿಯ ತಿರುವಿನಲ್ಲೇ ದನಿ ಕೇಳಿಸಿತು. ಗಂಗವ್ವ ಹಾಡಿ ಅಳುತ್ತಿದ್ದಳು. ಅವಳು ತನ್ನ ಅಕ್ಕನಿಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಲೆಂದು, ನಾನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ದನಿ ಕೇಳಿಸದಷ್ಟು ದೂರ ಹೋಗಿ ನಿಂತೆ.