ಬಾಟಮ್‌ನಲ್ಲಿ ಅಮ್ಮ ಬೇಡ ಅಂದಿದ್ದು

ಅಪ್ಪಂಗೆ ಇಂಡೋನೇಷ್ಯಾದಲ್ಲಿ ಮನೆ ತಗೊಳ್ಳೋ ಹುಚ್ಚು ಹಿಡಿಸಿದ್ದು ಟುವಾಸ್‌ನಲ್ಲಿರೋ ಅವರ ಫ್ಯಾಕ್ಟರಿಯ ಉಡುಪಿ ಅಂಕಲ್. ಅವರು ಅಲ್ಲಿಯ ಬಾಟಮ್ ದ್ವೀಪದಲ್ಲಿ ಒಂದು ಮನೆ ತಗೊಂಡಿದಾರೆ. ಸಿಂಗಾಪುರದಿಂದ ಫೆರಿ ಹತ್ತಿದ್ರೆ ಒಂದು ಗಂಟೆ ದಾರಿ. ಅಲ್ಲಿಗೆ ಹೋದಾಗೆಲ್ಲ ಗೇಟಿನ ಫೋಟೋ, ಹಿತ್ತಲಿನ ಫೋಟೋ, ಕಾರ್ ನಿಲ್ಲಿಸೋ ಜಾಗದ ಫೋಟೋ. ಅಂಕಲ್ ಹತ್ರ ಕಾರೇ ಇಲ್ಲ. ಆದ್ರೂ ಖಾಲಿ ಜಾಗಾನ ನಾಲ್ಕೂ ದಿಕ್ಕಿಂದ, ಮದುಮಗಳಿಗೆ ತೆಗೆದಂಗೆ ತೆಗೆದು ಕಳಿಸೋರು.

ಅಪ್ಪನ ಪ್ಲಾನ್ ರೆಡಿ ಆಯ್ತು. ಸಿಂಗಾಪುರದಲ್ಲಿ ನಾವಿರೋ ವುಡ್‌ಲ್ಯಾಂಡ್ಸ್‌ನ ಬಾಡಿಗೆ ಫ್ಲಾಟ್ ಬಿಡೋದು. ಅಮ್ಮ ಬಾಟಮ್‌ಗೆ ಶಿಫ್ಟ್ ಆಗೋದು. ನನ್ನನ್ನ ಹಾಸ್ಟೆಲ್‌ಗೆ ಹಾಕೋದು. ಅಪ್ಪ ವಾರವಿಡೀ ಟುವಾಸ್ ಹತ್ರ ಒಂದು ರೂಮಲ್ಲಿದ್ದು, ಶುಕ್ರವಾರ ಸಂಜೆ ಫೆರಿ ಹತ್ತಿ ಮಹಾರಾಜನ ಥರ ಮನೆಗೆ ಬರೋದು. "ಇರ್ಲಿಕ್ಕೂ ಆತು, ಇನ್ವೆಸ್ಟ್‌ಮೆಂಟೂ ಆತು" ಅಂತ ಎಷ್ಟು ಸಲ ಹೇಳಿದ್ರು ಅಂದ್ರೆ, ನಮ್ಮನೆ ಕುಕ್ಕರ್ ಕೂಡ ಅದನ್ನೇ ಕೂಗೋಕೆ ಶುರು ಮಾಡಿತ್ತು.

ಇದರಲ್ಲಿ ಒಂದೇ ತೊಡಕು. ಅಮ್ಮಂಗೆ ಕೆಲಸ ಸಿಕ್ಕಿತ್ತು. ನಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಅನ್ನೋ ತೆರೆದ ಜಾಗದಲ್ಲೇ ಇರೋ ಚೈಲ್ಡ್‌ಕೇರ್‌ನಲ್ಲಿ. ನಾನು ಹುಟ್ಟಿದಾಗ ಬಿಟ್ಟ ಟೀಚರ್ ಕೆಲಸ, ಇಷ್ಟು ವರ್ಷ ಆದ್ಮೇಲೆ ಈಗ. ದಿನಾ ಸಂಜೆ ಮೈಮೇಲೆ ಯಾವುದೋ ಮಗುವಿನ ಸೆರೆಲ್ಯಾಕ್ ಥರದ್ದೇನೋ ಮೆತ್ಕೊಂಡು, ಸೋಫಾ ಮೇಲೆ ಮೂಟೆ ಬಿದ್ದಂಗೆ ಬೀಳೋಳು. ಆದ್ರೂ ಬೆಳಿಗ್ಗೆ ಅಲಾರಂಗಿಂತ ಮುಂಚೆ ಎದ್ದು ಐಡಿ ಕಾರ್ಡ್ ಕೊರಳಿಗೆ ಹಾಕ್ಕೊಂಡೇ ಕಾಫಿ ಸೋಸೋಳು. ಬಾಟಮ್‌ಗೆ ಹೋದ್ರೆ ಆ ಕಾರ್ಡ್ ವಾಪಸ್ ಕೊಡಬೇಕು. ಅದನ್ನ ಅಪ್ಪಂಗೆ ನೇರವಾಗಿ ಯಾರೂ ಹೇಳ್ಲಿಲ್ಲ. ನಮ್ಮನೇಲಿ ಮುಖ್ಯವಾದ ವಿಷಯಗಳನ್ನ ಪಾತ್ರೆ ಸದ್ದಲ್ಲಿ ಹೇಳೋದು ರೂಢಿ.

ಅಮ್ಮಂಗೆ ರಜಾ ಸಿಗೋದು ಭಾನುವಾರ ಒಂದೇ. ಅದನ್ನೂ ಕಿತ್ಕೊಂಡು ಅಪ್ಪ ನಮ್ಮನ್ನ ಮನೆ ನೋಡೋಕೆ ಫೆರಿ ಹತ್ತಿಸಿದ್ರು.

ಆ ಕಡೆ ಮನೆ ತೋರಿಸೋ ಏಜೆಂಟ್ ಆಂಟಿ ಕಾರ್ ತಂದು ಕಾಯ್ತಿದ್ರು. ತಲೆಗೆ ಗುಲಾಬಿ ಸ್ಕಾರ್ಫು, ನಗು ಕಿವಿಯಿಂದ ಕಿವಿವರೆಗೆ. ಅರ್ಧ ಇಂಗ್ಲಿಷು, ಅರ್ಧ ಅವರ ಭಾಷೆ. ಅಮ್ಮನ್ನ "ಇಬು" ಅಂತ ಕರೆದ್ರು. ಅಲ್ಲಿ ಹೆಂಗಸರಿಗೆ ಅಮ್ಮಾವ್ರೇ ಅಂದಂಗೆ ಅದು. ಅಪ್ಪ ಕೇಳಿದ್ರು, "ಗುಡ್ ವಾಟರ್, ಈಸ್ ದೇರ್?"

"ಅದಾ, ಅದಾ!" ಅಂದ್ರು ಆಂಟಿ.

ಅಪ್ಪ ಅಲ್ಲೇ ಕರಗಿಹೋದ್ರು. ಅವರು ಕಲಬುರಗಿಯವರು. ಮೈಸೂರಿನ ಹೆಂಡ್ತಿ, ಬೆಂಗಳೂರಿನ ಫ್ರೆಂಡ್ಸು, ಇವರ ಮಧ್ಯೆ ವರ್ಷಗಟ್ಟಲೆ "ಇದೆ, ಇದೆ" ಅಂತ ನಾಲಿಗೆ ತೇಯ್ಸಿದ್ದ ಮನುಷ್ಯ. "ಏ ಕೇಳ್ದಿ ಏನು? ಅದ ಅಂತಾಳ! ಪಕ್ಕಾ ನಮ್ಮ ಕಡಿ ಮಾತು!" ಅದಾ ಅಂದ್ರೆ ಅವರ ಭಾಷೇಲೂ ಇದೆ ಅಂತಾನೇ ಅರ್ಥ. ಆಮೇಲೆ ಕರೆಂಟ್ ಅದ? ಅದಾ. ಮಾರ್ಕೆಟ್ ಅದ? ಅದಾ. ಸಮುದ್ರದಾಚೆ ಕಳೆದುಹೋಗಿದ್ದ ದೊಡ್ಡಮ್ಮನ ಮಗಳು ಸಿಕ್ಕಿದಂಗೆ ಆಡಿದ್ರು.

ಮೊದಲನೇ ಮನೆ ಚಿಕ್ಕದು. ಹಾಲ್‌ನಲ್ಲಿ ನಿಂತು ಸೀನಿದ್ರೆ ಅಡಿಗೆಮನೆ ಒಲೆ ಆರಿಹೋಗತ್ತೆ. ಅಮ್ಮ ಬಾಗಿಲಲ್ಲೇ ನಿಂತು, "ಬೇಡ ರೀ" ಅಂದ್ಳು.

ಆಂಟಿ ಮುಖ ಅರಳಿತು. "ಓ, ಬೇಡಾ? ಅದಾ, ಅದಾ!" ಅಂತ ಕಾರಿಗೆ ಓಡಿದ್ರು.

ಎರಡನೇ ಮನೆಗೆ ಹೊಸ ಬಣ್ಣ, ಮುಟ್ಟಿದ್ರೆ ಕೈಗೆ ಬರ್ತಿತ್ತು. ಅಪ್ಪ ಗೋಡೆ ತಟ್ಟಿ, "ಗಟ್ಟಿ ಅದ" ಅಂದ್ರು. ಅಮ್ಮ ಬೆವರು ಒರೆಸ್ಕೊಂಡು, "ಬೇಡ" ಅಂದ್ಳು. ಆಂಟಿ ಮತ್ತೆ ಓಡಿದ್ರು. ಮೂರನೇದರ ಗೇಟಲ್ಲಿ ಕೋಳಿಗಳ ಮೀಟಿಂಗು. ಬೇಡ. ಅದರ ಮುಂದಿನದರಲ್ಲಿ ಕಿಟಕಿ ತೆಗೆದ್ರೆ ಪಕ್ಕದ ಮನೆಯವರ ತಟ್ಟೆಯಿಂದ ಹಪ್ಪಳ ಎತ್ಕೊಬೋದು. ಬೇಡ. ಆಮೇಲೆ ನಾನು ಲೆಕ್ಕ ಬಿಟ್ಟೆ. ಐದನೇದೋ ಐನೂರನೇದೋ. ಎಲ್ಲ ಒಂದೇ ಅಚ್ಚಿನ ಸಾಲುಮನೆ, ತಲೆ ಮೇಲೆ ಒಂದೊಂದು ನೀರಿನ ಟ್ಯಾಂಕು. ಬಿಸಿಲಿಗೆ ನನ್ನ ಚಪ್ಪಲಿ ರಸ್ತೆಗೆ ಅಂಟ್ಕೊಂಡು, ನೀನ್ ಹೋಗು, ನಾನ್ ಇಲ್ಲೇ ಇರ್ತೀನಿ ಅಂತಿತ್ತು.

ಅಮ್ಮನ ಕಾಲು ಊದಿಹೋಗಿತ್ತು. ವಾರವಿಡೀ ಮಕ್ಕಳನ್ನ ಎತ್ತಿದ ಸೊಂಟ ಬೇರೆ. ಅವಳ ಬೇಡ ಬರ್ತಾ ಬರ್ತಾ ಸಣ್ಣದಾಯ್ತು. ಕೊನೆಕೊನೆಗೆ ಬರೀ ತುಟಿ ಅಲ್ಲಾಡ್ತಿತ್ತು. ಆಂಟಿ ಅದನ್ನೂ ಹಿಡಿದು ಓಡೋರು.

"ಎಷ್ಟು ಪೇಷನ್ಸ್ ನೋಡು ಆಕಿಗೆ" ಅಂದ್ರು ಅಪ್ಪ. "ನಿನಗ ಯಾವ ಮನಿನೂ ಮನಸಿಗೆ ಬರವಲ್ದು."

ಕೊನೇ ಮನೇಲಿ ಆಂಟಿನೂ ಸುಸ್ತಾದ್ರು. ಸ್ಕಾರ್ಫಿನ ತುದಿಯಿಂದ ಗಾಳಿ ಹಾಕ್ಕೊಂಡು, ಮೆಟ್ಟಿಲ ಮೇಲೆ ಕೂತಿದ್ದ ಅಮ್ಮನ ಪಕ್ಕ ಕೂತು, ಇಂಗ್ಲಿಷಲ್ಲಿ ಕೇಳಿದ್ರು: "ಇಬು, ಆಲ್ ಡೇ ಯು ಸೇ ಡಿಫರೆಂಟ್, ಡಿಫರೆಂಟ್. ಹೌ ಡಿಫರೆಂಟ್? ಟೆಲ್ ಮಿ."

ಅಮ್ಮ ನನ್ನ ಕಡೆ ನೋಡಿದ್ಳು. ನನ್ನ ತಲೇಲಿ ಟ್ಯೂಬ್‌ಲೈಟ್ ಹತ್ಕೊಳ್ತು. ಸ್ಕೂಲಲ್ಲಿ ನಾನು ಮಲಯ್ ಓದಿದೀನಿ. ಬೇರೆ ಥರದ್ದು ಅನ್ನೋದಕ್ಕೆ ಅದರಲ್ಲಿ ಬೆಜಾ. ಇಂಡೋನೇಷ್ಯಾದಲ್ಲಿ ಅದೇ ಪದ ಬೇಡಾ!

"ಅಯ್ಯೋ ಅಮ್ಮಾ, ನೀನು ಬೇಡ ಅಂದಾಗೆಲ್ಲ ಬೇರೆ ಮನೆ ತೋರಿಸಿ ಅಂತ ಕೇಳಿಸ್ಕೊಂಡಿದಾರೆ ಇವ್ರು!"

ಹೊಟ್ಟೆ ಹಿಡ್ಕೊಂಡು ನಕ್ಕೆ. ಆಂಟಿಗೂ ಹೇಳಿದೆ, ಅವರೂ ತೊಡೆ ತಟ್ಕೊಂಡು ನಕ್ರು. ಅಮ್ಮ ಕಲಬುರಗಿಯವಳಾಗಿದ್ರೆ ಬ್ಯಾಡ ಅಂದಿರ್ತಿದ್ಳು, ಎಲ್ಲ ಬೆಳಿಗ್ಗೇನೇ ಮುಗಿದಿರ್ತಿತ್ತು. ಮೈಸೂರು ಕನ್ನಡದ ತಪ್ಪು ಇದು. ಅಪ್ಪನೂ ನಕ್ಕು, "ಆಕಿ ಬಿಡು, ಪರದೇಶದಾಕಿ. ಆಕಿಗೆ ಹೆಂಗ ತಿಳೀಬೇಕು?" ಅಂದ್ರು.

ಅಮ್ಮ ಮಾತ್ರ ನಗಲಿಲ್ಲ.

"ಅವ್ರು ಪರದೇಶದೋರು. ನೀವೇನ್ರೀ ಕೇಳಿಸ್ಕೊಂಡಿದ್ದು?"

"ಅಂದ್ರ?"

"ನಾನು ಬೇಡ ಅಂದಾಗೆಲ್ಲ ನೀವೂ ಕಾರ್ ಹತ್ತಿ ಕೂತ್ರಲ್ಲ. ಇನ್ನೊಂದು ಮನೆ ನೋಡೋಕೆ."

ಅಪ್ಪ ಗೋಡೆ ತಟ್ಟೋಕೆ ಎತ್ತಿದ್ದ ಕೈ ಇಳಿಸಿದ್ರು. "ಮನಿ ಬ್ಯಾಡ ಅಂತಿ ಅಂತ ತಿಳ್ಕೊಂಡೆ."

"ಮನೆಗಲ್ಲ ರೀ ಬೇಡ ಅಂದಿದ್ದು. ಮನೆಗಳು ಚೆನ್ನಾಗೇ ಇದಾವೆ, ಪಾಪ. ನಾನು ಇಲ್ಲಿಗೆ ಬಂದು ಯಾರ ಮುಖ ನೋಡ್ಕೊಂಡಿರ್ಲಿ ಸೋಮವಾರದಿಂದ ಶುಕ್ರವಾರ? ಕೆಲಸ ಬಿಟ್ಟು?"

"ಹಂಗಾರ ಮೊದಲ ಹೇಳಬೇಕಿಲ್ಲೇನು?"

"ಬೆಳಗಿಂದ ಅದನ್ನೇ ಹೇಳ್ತಿದೀನಿ."

ಆಂಟಿಗೆ ಭಾಷೆ ಗೊತ್ತಾಗ್ಲಿಲ್ಲ, ವಿಷಯ ಗೊತ್ತಾಯ್ತು. ಸುಮ್ನೆ ಎದ್ದು ಕಾರ್ ಎಸಿ ಆನ್ ಮಾಡಿ, ಅಮ್ಮನ ಕಡೆ ಬಾಗಿಲು ತೆರೆದು ನಿಂತ್ರು.

ಫೆರಿ ಹತ್ತಿ ವಾಪಸ್ ಸಿಂಗಾಪುರಕ್ಕೆ ಬಂದ್ವಿ. ಇಮಿಗ್ರೇಷನ್ ಕ್ಯೂ ಹನುಮಂತನ ಬಾಲ. ಅದರಲ್ಲಿ ನಿಂತು ಅಪ್ಪ ಮೆಲ್ಲಗೆ ಕೇಳಿದ್ರು, "ಪುಟ್ಟಿ, ಬ್ಯಾಡ ಅನ್ಲಿಕ್ಕೆ ಅವರ ಭಾಷಾದಾಗ ಏನಂತಾರ?"

"ತಿದಾಕ್ ಮಾವು."

ಮಾವು ಅಂದಿದ್ದಕ್ಕೆ ಬೇರೆ ದಿನ ಆಗಿದ್ರೆ ಅವರು ಒಂದು ಜೋಕ್ ಹೊಡೀತಿದ್ರು. ಇವತ್ತು ಹೊಡೀಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಏಜೆಂಟ್ ಆಂಟಿಗೆ ಕಳಿಸಿದ್ರು. ಕೆಳಗೆ ಸಾರಿ ಅಂತಾನೂ ಹಾಕಿದ್ರು. ಆಮೇಲೆ ಫೋನ್ ಜೇಬಿಗೆ ಹಾಕಿ ಕ್ಯೂ ಮುಂದೆ ನೋಡ್ತಾ ನಿಂತ್ರು. ಅಷ್ಟು ದಿನದ ಗೇಟು, ಹಿತ್ತಲು, ಮಹಾರಾಜ ಎಲ್ಲ ಅಲ್ಲೇ ಇಳಿದುಹೋಯ್ತು ಅವರ ಭುಜದಿಂದ. ಭುಜ ಹಗುರ ಆದಂಗೆ ಕಾಣ್ಲಿಲ್ಲ, ಸುಮ್ನೆ ಇಳಿಬಿದ್ದಂಗೆ ಕಾಣ್ತು.

ಎಂಆರ್‌ಟಿ ರೈಲಲ್ಲಿ ಸೀಟು ಸಿಕ್ತು. ಅಮ್ಮ ಚಪ್ಪಲಿ ಬಿಟ್ಟು, ಕಾಲ್ಬೆರಳು ಮಡಚಿ ಬಿಚ್ಚಿ ಮಾಡ್ತಿದ್ಳು.

"ನಾಳೆ ಎಷ್ಟಕ್ಕ ನಿನ್ನ ಡ್ಯೂಟಿ?" ಅಂದ್ರು ಅಪ್ಪ. ಅವಳು ಕೆಲಸಕ್ಕೆ ಸೇರಿದ್ಮೇಲೆ ಈ ಪ್ರಶ್ನೆ ಅವರ ಬಾಯಿಂದ ನಾನು ಕೇಳಿರ್ಲಿಲ್ಲ.

"ಏಳಕ್ಕೆ."

"ಹಂಗಾರ ಮಕ್ಕೋ. ವುಡ್‌ಲ್ಯಾಂಡ್ಸ್ ಬಂದ್ರ ಎಬ್ಬಸ್ತೀನಿ."

ಅಮ್ಮ ಆಗ್ಲೇ ಕಣ್ಣು ಮುಚ್ಚಿದ್ಳು.