ಷಡ್ಡಕರ ಶನಿವಾರ, ಭಾನುವಾರ

ನಮ್ಮ ಷಡ್ಡಕರ ಅಂಗಿಯ ಎಡ ಹೆಗಲ ಮೇಲೆ ಸದಾ ಒಂದು ಕಲೆ. ಗಂಜಿ ಹಾಕಿದ ಹಾಗೆ ಬಟ್ಟೆ ಅಷ್ಟು ಜಾಗದಲ್ಲಿ ಸೆಟೆದುಕೊಂಡಿರುತ್ತಿತ್ತು. ಅದು ಮಕ್ಕಳ ಸಿಂಬಳ. ಅವರ ಇಬ್ಬರು ಗಂಡುಮಕ್ಕಳದ್ದು, ನನ್ನ ಮಗಳದ್ದು, ಒಮ್ಮೊಮ್ಮೆ ಬೀದಿಯ ಯಾರದೋ ಮಗುವಿನದ್ದೂ. ಅದೇ ಅಂಗಿಯಲ್ಲಿ ನನ್ನನ್ನು ತಬ್ಬಿಕೊಂಡು "ಏನಯ್ಯಾ, ರೆಡೀನಾ?" ಅನ್ನುವರು. ಇಸ್ಸಿ! ಈಗ ನೆನೆದರೂ ಸ್ನಾನ ಮಾಡಬೇಕು ಅನ್ನಿಸುತ್ತದೆ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ನಜರ್‌ಬಾದಿನಲ್ಲಿ ಮನೆ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಶನಿವಾರ ಶಾಲೆ ಬಿಟ್ಟದ್ದೇ ತಮ್ಮ ಹಳೆಯ ವ್ಯಾನನ್ನು ಒಂಟಿಕೊಪ್ಪಲಿನ ನಮ್ಮ ಮನೆ ಮುಂದೆ ನಿಲ್ಲಿಸಿ ವಿಷಲ್ ಊದುತ್ತಿದ್ದರು. ಅಲ್ಲಿಗೆ ನನ್ನ ರಜೆ ಎಕ್ಕುಟ್ಟಿಹೋಯಿತು ಅಂತಲೇ ಲೆಕ್ಕ. ಸಂಜೆ ಝೂ, ಭಾನುವಾರ ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಕೆರೆ, ಸಂಜೆಗೆ ಕೆ.ಆರ್.ಎಸ್. ಝೂನಲ್ಲಿ ಪ್ರಾಣಿಗಳಿಗಿಂತ ಜನರೇ ಹೆಚ್ಚು ನಾರುತ್ತಿದ್ದರು. ವ್ಯಾನಿನ ಸೀಟಿನ ಮೇಲೆ ಕರಗಿದ ಐಸ್‌ಕ್ರೀಮು, ಅದರ ಮೇಲೆ ಚುರುಮುರಿ, ಅದರ ಮೇಲೆ ನಾನು. ಮಕ್ಕಳು ಕಚ್ಚಿ ಬಿಟ್ಟ ಜೋಳವನ್ನೂ ಎಸೆಯದೆ ಅವರು ಬಾಯಿಗೆ ಹಾಕಿಕೊಳ್ಳುವರು. ನಾನು ಎಂಜಲು, ಮುಸುರೆ ನೋಡುವ ಮನೆಯಲ್ಲಿ ಬೆಳೆದವನು. "ಥೂ, ಬೇಡಿ ಭಾವ" ಅಂದರೆ, "ಮಕ್ಕಳ ಎಂಜಲಿಗೆ ಮೈಲಿಗೆ ಎಲ್ಲಿಂದ ಬಂತು, ಬುಡಯ್ಯ" ಅನ್ನುವರು.

ನಾನೋ, ಜೇಬಿನಲ್ಲಿ ಸ್ಯಾನಿಟೈಸರ್ ಇಟ್ಟುಕೊಂಡೇ ಓಡಾಡುವವನು. ಮಗಳು ತೊಡೆ ಏರಲು ಬಂದರೆ ಮೊದಲು "ಕೈ ತೋರ್ಸು" ಅನ್ನುತ್ತಿದ್ದೆ. ಬರಬರುತ್ತಾ ನಾನು ಕೇಳುವ ಮೊದಲೇ ಅವಳು ದೂರ ನಿಂತು ಎರಡೂ ಅಂಗೈ ತೋರಿಸತೊಡಗಿದಳು. ಒಳ್ಳೇ ಅಭ್ಯಾಸ ಅಂದುಕೊಂಡೆ. ಆಮೇಲೆ ಬರುವುದನ್ನೇ ಬಿಟ್ಟಳು. ಬಿದ್ದರೆ, ಅತ್ತರೆ, ಒದ್ದೆಯಾದರೆ ಸೀದಾ ದೊಡ್ಡಪ್ಪನ ಹತ್ತಿರ ಓಟ. ಹೆತ್ತ ಅಪ್ಪ ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ಬೆಟ್ಟದ ತಿರುವುಗಳಲ್ಲಿ ಅವಳಿಗೆ ಹೊಟ್ಟೆ ತೊಳಸಿತು. ವ್ಯಾನು ಓಡಿಸುತ್ತಿದ್ದವಳು ನನ್ನ ಹೆಂಡತಿ. ಹಿಂದೆ ಮಗಳ ಈಚೆ ಬದಿ ನಾನು, ಆಚೆ ಬದಿ ಷಡ್ಡಕರು. ಅವಳು ವಾಕ್ ಅಂದದ್ದೇ ತಡ, ನಾನು ಕಿಟಕಿಗೆ ಅಂಟಿಕೊಂಡೆ. ಅವರು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು. ಬೆಳಿಗ್ಗೆ ತಿಂದ ಇಡ್ಲಿ, ಕುಡಿದ ಹಾಲು, ಎಲ್ಲವೂ ಆ ಬೊಗಸೆಗೇ ಬಿತ್ತು. "ಕಕ್ಕು ಮಗಾ, ಏನೂ ಆಗಲ್ಲ ಕಣವ್ವ" ಅನ್ನುತ್ತಿದ್ದರು.

ವ್ಯಾನು ನಿಂತ ಮೇಲೆ ಮೂಗು ಮುಚ್ಚಿಕೊಂಡು ಅವರ ಕೈಗೆ ಬಾಟಲಿ ನೀರು ಹೊಯ್ದೆ.

"ನಿಮಗೆ ಹೇಸಿಗೆ ಅನ್ನೋದೇ ಇಲ್ವಾ ಭಾವ?"

"ಯಾಕಿಲ್ಲ? ನಂಗೂ ವಾಕರಿಕೆ ಬರ್ತಾ ಇದೆ ಕಣಯ್ಯ. ಮುಖದ ಮೇಲೆ ತೋರಿಸಲ್ಲ, ಅಷ್ಟೆ. ನೀನು ಹಂಗೆ ಮೂತಿ ಸಿಂಡರಿಸಿದ್ರೆ, ವಾಂತಿಗೆ ಅಂತ ಮಗೂಗೆ ಗೊತ್ತಾಗಲ್ಲ. ಅಪ್ಪಂಗೆ ನಾನೇ ಹೇಸಿಗೆ ಅನ್ಕೊಂಬುಡುತ್ತೆ."

ಅವತ್ತು ಮಧ್ಯಾಹ್ನ ಅವರು ತಟ್ಟೆ ಮುಟ್ಟಲಿಲ್ಲ. ಹಸಿವಿಲ್ಲ ಅಂದರು.

ಹೋದ ವರ್ಷ ಶಾಲೆಯ ಮೈದಾನದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಐವತ್ತೂ ದಾಟಿರಲಿಲ್ಲ, ಪಾಪ. ವ್ಯಾನನ್ನು ಈಗ ನಾನು ಓಡಿಸುತ್ತೇನೆ. ಅವರ ಮಕ್ಕಳೂ ಬರುತ್ತಾರೆ. ಆ ನೂಕುನುಗ್ಗಲು ಅದೇ, ನಾತ ಅದೇ, ನನ್ನ ಅಸಹ್ಯವೂ ಅದೇ. ಯಾವ ಪುಣ್ಯಾತ್ಮ ಈ ಭಾನುವಾರವನ್ನು ಕಂಡುಹಿಡಿದನೋ ಎಂದು ಬೈದುಕೊಳ್ಳುತ್ತಲೇ ಹೊರಡುತ್ತೇನೆ.

ಮೊನ್ನೆ ಕೆರೆಯ ಹತ್ತಿರ ಮಗಳು ಕಾಲು ಅಗಲಿಸಿಕೊಂಡು ಮೆಲ್ಲಗೆ ನಡೆದು ಬಂದಳು. ಅವಳಮ್ಮ, ದೊಡ್ಡಮ್ಮ ಇಬ್ಬರೂ ಅಲ್ಲೇ ಕೂತಿದ್ದರು. ಅವರನ್ನು ದಾಟಿ ಬಂದು ನನ್ನ ಕಿವಿಯಲ್ಲಿ "ಅಪ್ಪಾ, ಚಡ್ಡೀಲೇ ಆಗ್ಬುಡ್ತು" ಅಂದಳು. ಭಾವ ಬದುಕಿದ್ದರೆ ಈ ಮಾತು ನನ್ನವರೆಗೆ ಬರುತ್ತಿರಲಿಲ್ಲ. ಎತ್ತಿಕೊಂಡು ನಲ್ಲಿಯ ಹತ್ತಿರ ಹೋದೆ. ಕಾಲಿಗೆಲ್ಲ ಇಳಿದಿತ್ತು. ಉಸಿರು ಬಿಗಿಹಿಡಿದು ತೊಳೆಯತೊಡಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗೆ ಥೂ ಅನ್ಸುತ್ತಾ ಅಪ್ಪಾ?"

"ವಾಸನೆ ಥೂ ಅನ್ಸುತ್ತೆ ಕಣಮ್ಮ," ಅಂದೆ. "ನೀನಲ್ಲ. ಎಲ್ಲಿ, ಇನ್ನೊಂದು ಕಾಲು ಕೊಡು."